ಮೇಲಿನದು ಅನ್ವಯಿಸುವುದಿಲ್ಲ

ಮಷೀನಿನ ಬಾಯಿಂದ ಚೀಟಿ ಇನ್ನೂ ಪೂರ್ತಿ ಹೊರಬಂದಿರಲಿಲ್ಲ, ಅಷ್ಟರಲ್ಲೇ ಎದುರಿನ ಮನೆಯ ಬಾಗಿಲು ದಡಾರನೆ ತೆರೆದು ನರ್ಸ್ ಓಡಿಬಂದಳು. ಎರಡೂ ಕೈಗೆ ಕೈಗವಸು ಹಾಕಿಕೊಂಡಿದ್ದಳು. ಎಲ್ಲೂ ತಾಗದಿರಲೆಂದು ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದೇ ಮೂರು ಅಂತಸ್ತಿನ ಮೆಟ್ಟಿಲಿಳಿದಿದ್ದಳು.

"ಮೇಡಂ, ಒಂದು ನಿಮಿಷ! ಹಾಕಿಬಿಟ್ರಾ?"

"ಬಂದುಬಿಟ್ಟಿದೆ. ಒಂದು ಸಲ ಬಂದ ಮೇಲೆ ನನ್ನ ಕೈಲಿ ಏನೂ ಇರಲ್ಲ."

ಹಾಗೆಂದು ಚೀಟಿಯನ್ನು ಹರಿದು ಕಾರಿನ ವೈಪರಿನಡಿ ಸಿಕ್ಕಿಸಿದ ಚೀಟಿಯಕ್ಕ, ಇನ್ನೇನು ಬರುವ ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ನಿಂತಳು. ಈ ಬೀದಿಗಳಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ತಪ್ಪು ಜಾಗದಲ್ಲಿ ನಿಲ್ಲಿಸಿದ ವಾಹನಗಳಿಗೆ ದಂಡದ ಚೀಟಿ ಹಾಕುವ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು, ಆ ಐದು ತಿಂಗಳಲ್ಲಿ ಅವಳು ಕೇಳದ ಬೈಗುಳ ಉಳಿದಿರಲಿಲ್ಲ. ಒಬ್ಬ ಚೀಟಿಯನ್ನು ಚೂರು ಚೂರು ಮಾಡಿ ಅವಳ ತಲೆಯ ಮೇಲೆ ಎರಚಿದ್ದ. ಇನ್ನೊಬ್ಬ ಕಂಕುಳಲ್ಲಿದ್ದ ಮಗುವಿಗೆ ಅವಳನ್ನು ತೋರಿಸಿ, "ನೋಡು ಪುಟ್ಟ, ಗುಮ್ಮ ಗುಮ್ಮ ಅಂತಿದ್ನಲ್ಲ, ಇವಳೇ" ಎಂದಿದ್ದ. ಅದಕ್ಕೆ ಮಾತ್ರ ಅವಳಿಗೇ ನಗು ಬಂದಿತ್ತು.

ನರ್ಸ್ ಬೈಯಲಿಲ್ಲ. ಏದುಸಿರು ಬಿಡುತ್ತ ಬೋರ್ಡಿನ ಕಂಬವನ್ನು ಗದ್ದದಿಂದ ತೋರಿಸಿದಳು.

"ಜಗಳ ಆಡೋಕೆ ಬಂದಿಲ್ಲ ಮೇಡಂ. ಒಂದೇ ಒಂದು ಕೇಳ್ತೀನಿ. ಮೇಲೆ ಅಜ್ಜಿ ಒಬ್ಬರಿಗೆ ಮಲಗಿ ಮಲಗಿ ಬೆನ್ನು ಹುಣ್ಣಾಗಿದೆ. ಬೆಳಿಗ್ಗೆ ಎಂಟಕ್ಕೊಂದು ಸಲ, ಸಂಜೆ ನಾಲ್ಕಕ್ಕೊಂದು ಸಲ ಡ್ರೆಸ್ಸಿಂಗ್ ಮಾಡಬೇಕು. ನಾಳೆನೂ ಬರಬೇಕು, ನಾಡಿದ್ದೂ ಬರಬೇಕು. ಈ ಬೋರ್ಡು ಸ್ವಲ್ಪ ಓದಿ ಹೇಳಿ. ಅದು ಹೇಗೆ ನಿಲ್ಲಿಸು ಅನ್ನುತ್ತೋ ಹಾಗೇ ನಿಲ್ಲಿಸ್ತೀನಿ."

ಚೀಟಿಯಕ್ಕ ತಲೆಯೆತ್ತಿದಳು. ಒಂದೇ ಕಂಬಕ್ಕೆ ಮೂರು ಹಲಗೆ ಬಡಿದಿದ್ದರು. ಎಲ್ಲಕ್ಕಿಂತ ಮೇಲಿನದು ಕೆಂಪು: ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ಏಳು, ನಿಲುಗಡೆ ನಿಷೇಧ. ನಡುವಿನದು ನೀಲಿ: ನಿಲುಗಡೆ ಒಂದು ಗಂಟೆ, ಭಾನುವಾರ ಹೊರತು. ಕೆಳಗಿನದು ಬಿಳಿ, ಉಳಿದೆರಡಕ್ಕಿಂತ ಹೊಸದು: ಮೇಲಿನದು ಪರವಾನಗಿ ಇರುವವರಿಗೆ ಅನ್ವಯಿಸುವುದಿಲ್ಲ.

"ಪರವಾನಗಿ ನನ್ನ ಹತ್ರ ಇದೆ," ಎಂದಳು ನರ್ಸ್. ಕಾರಿನ ಗಾಜಿನ ಒಳಗೆ, ಮನೆ ಮನೆಗೆ ಹೋಗಿ ಕೆಲಸ ಮಾಡುವವರಿಗೆ ಕೊಡುವ ಹಸಿರು ಕಾರ್ಡು ಎದ್ದು ಕಾಣುತ್ತಿತ್ತು. "ಮೇಲಿನದು ಅಂದ್ರೆ ಯಾವ ಮೇಲಿನದು? ನೀಲಿದೋ, ಕೆಂಪುದೋ, ಎರಡೂನೋ?"

"ಅದು... ಅದರ ತಕ್ಷಣದ ಮೇಲಿನದು ಮಾತ್ರ. ನೀಲಿದು. ನಾಲ್ಕಾದ ಮೇಲೆ ಪರವಾನಗಿ ಇದ್ರೂ ನಿಲ್ಲಿಸೋ ಹಾಗಿಲ್ಲ."

"ಸರಿ. ಹಾಗಾದ್ರೆ ಬೆಳಿಗ್ಗೆ ಎಂಟಕ್ಕೂ ನಿಲ್ಲಿಸೋ ಹಾಗಿಲ್ಲ. ಒಂದು ತಿಂಗಳಿಂದ ನಿಲ್ಲಿಸ್ತಿದ್ದೀನಿ. ಬೆಳಗಿನ ಪಾಳಿಯವರು ಕಾರ್ಡು ನೋಡಿ ನಮಸ್ಕಾರ ಹೇಳಿ ಹೋಗ್ತಾರೆ. ಸಂಜೆ ನಿಮ್ಮ ಕಣ್ಣಿಗೆ ಬಿದ್ದ ದಿನ ನೀವು ಚೀಟಿ ಹಾಕ್ತೀರಿ. ಇದು ಮೂರನೇದು. ಮೂರಾದ್ರೆ ಪರವಾನಗಿ ರದ್ದು ಮಾಡ್ತಾರಂತೆ." ಅವಳ ದನಿ ಏರಲಿಲ್ಲ. "ದಿನಕ್ಕೆ ಒಂಬತ್ತು ಮನೆ ಸುತ್ತುತ್ತೀನಿ. ಪರವಾನಗಿ ಹೋದ್ರೆ ಈ ಬ್ಯಾಗ್ ಹೊತ್ಕೊಂಡು ಬಸ್ಸಲ್ಲಿ ನಾಲ್ಕು ಮನೆಗಿಂತ ಹೆಚ್ಚು ಹೋಗೋಕಾಗಲ್ಲ. ಯಾವ ಐದು ಮನೆ ಬಿಡಲಿ ಅಂತಲೂ ನೀವೇ ಹೇಳಿಬಿಡಿ."

"ಅಪೀಲು ಹಾಕಿ," ಎಂದಳು ಚೀಟಿಯಕ್ಕ. "ಚೀಟಿ ಹಿಂದೆ ವಿಳಾಸ ಇದೆ."

ನರ್ಸ್ ಕೈಗಳನ್ನು ಹಾಗೇ ಎತ್ತಿ ಹಿಡಿದು ಮೆಟ್ಟಿಲೇರಿ ಹೋದಳು. ಅರ್ಧಕ್ಕೆ ಬಿಟ್ಟುಬಂದ ಕೆಲಸ ಮೇಲೆ ಕಾಯುತ್ತಿತ್ತು.

ಆ ಬೀದಿಯ ಉಳಿದ ವಾಹನಗಳನ್ನು ನೋಡುತ್ತ ನಡೆದ ಚೀಟಿಯಕ್ಕನಿಗೆ ಒಂದು ಹಳೆಯ ನೆನಪು ಮುಳ್ಳಿನಂತೆ ಚುಚ್ಚತೊಡಗಿತು. ತರಬೇತಿಯ ಕೊನೆಯಲ್ಲೊಂದು ಪರೀಕ್ಷೆ ಇಟ್ಟಿದ್ದರು. ಹನ್ನೊಂದನೆಯ ಪ್ರಶ್ನೆ ಇಂಥದ್ದೇ ಒಂದು ಕಂಬದ ಚಿತ್ರ. ಪರವಾನಗಿ ಇದ್ದವರು ಸಂಜೆ ಐದಕ್ಕೆ ನಿಲ್ಲಿಸಬಹುದೇ? ಅವಳು "ನಿಲ್ಲಿಸಬಹುದು" ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿತ್ತು. "ಮೇಲಿನದು ಅಂದ್ರೆ ಒಂದೇ ಒಂದು ಮೇಲಿನದು" ಎಂದು ಹೇಳಿಕೊಟ್ಟರು, ಅವಳು ಬಾಯಿಪಾಠ ಮಾಡಿಕೊಂಡಳು. ಅದಾದ ಮೇಲೆ ಆ ಹಲಗೆಯನ್ನು ಅವಳು ಒಂದು ದಿನವೂ ಓದಿರಲಿಲ್ಲ. ನೋಡುತ್ತಿದ್ದಳು, ಅಷ್ಟೆ.

*

ಹತ್ತು ದಿನ ಕಳೆದ ಮೇಲೆ ಮೇಲ್ವಿಚಾರಕರು ಅವಳನ್ನು ಕರೆಸಿದರು. ಅವರ ಕೋಣೆಯ ಗೋಡೆಯ ತುಂಬ ನಗರದ ನಕ್ಷೆ, ನಕ್ಷೆಯ ತುಂಬ ಬಣ್ಣದ ಗುಂಡುಸೂಜಿ. ಕೆಂಪು ಸೂಜಿ ಚುಚ್ಚಿದ ಕಡೆ ಚೀಟಿ ಹೆಚ್ಚು ಬೀಳುತ್ತದೆ ಎಂದರ್ಥ. ನರ್ಸ್ ಹೋಗುವ ಮನೆಯ ಬೀದಿಯಲ್ಲಿ ಸೂಜಿಗೆ ಸೂಜಿ ತಾಗಿಕೊಂಡಿತ್ತು.

"ಕೂತ್ಕೋಮ್ಮಾ. ನೀನು ಹಾಕಿದ ಚೀಟಿಗೊಂದು ಅಪೀಲು ಬಂದಿದೆ, ಆ ನರ್ಸಮ್ಮಂದು. ಗುರುವಾರ ವಿಚಾರಣೆ. ನೀನು ಸಾಕ್ಷಿ. ಹೋಗಿ ಎರಡೇ ಮಾತು ಹೇಳು: ಬೋರ್ಡು ಸ್ಪಷ್ಟವಾಗಿತ್ತು, ಸಮಯ ನಾಲ್ಕು ಹತ್ತು. ಮುಗೀತು."

"ಸರ್, ಬೆಳಗಿನ ಪಾಳಿಯವರು ಅದೇ ಬೋರ್ಡನ್ನ ಬೇರೆ ಥರ ಓದ್ತಾರೆ."

"ಅವನದು ನಾನು ನೋಡ್ಕೋತೀನಿ. ಇನ್ನೂರು ಕಂಬ ಇವೆ ಇಂಥವು. ಒಂದು ಬಿತ್ತು ಅಂದ್ರೆ ಇನ್ನೂರೂ ಬೀಳ್ತವೆ." ಅವರೇನೂ ಕೆಟ್ಟ ಮನುಷ್ಯರಲ್ಲ. ಅವಳ ಅಪ್ಪನಿಗೆ ಜ್ವರ ಬಂದಾಗ ಕೇಳದೆಯೇ ಎರಡು ದಿನ ರಜೆ ಕೊಟ್ಟಿದ್ದರು. ಈಗಲೂ ಮೆತ್ತಗೇ ಹೇಳಿದರು: "ಮುಂದಿನ ತಿಂಗಳು ನಿನ್ನ ಆರು ತಿಂಗಳು ಮುಗಿಯುತ್ತೆ. ಕೆಲಸ ಕಾಯಂ ಮಾಡೋ ಕಾಗದ ನನ್ನ ಮೇಜಿಗೇ ಬರೋದು. ಇರೋದನ್ನ ಕೆಡಿಸ್ಕೋಬೇಡ."

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅಪ್ಪ ಮೂವತ್ತೆಂಟು ವರ್ಷ ಬಸ್ಸು ಓಡಿಸಿದವನು. ಮಗಳಿಗೆ ಈ ಕೆಲಸ ಸಿಕ್ಕ ದಿನ, "ಅಪ್ಪ ಗಾಡಿ ಓಡಿಸಿದ, ಮಗಳು ಗಾಡಿಗಳನ್ನೇ ಬೀದಿಯಿಂದ ಓಡಿಸಿಬಿಡ್ತಾಳೆ" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದ. ಈಗ ನಗಲಿಲ್ಲ.

"ನಿನಗೆ ಏನು ಅನ್ಸುತ್ತೆ?"

"ನನಗೆ ಅನ್ಸೋದನ್ನ ಕಟ್ಕೊಂಡು ಏನು ಮಾಡ್ಲಿ? ನನಗೆ ಅನ್ಸುತ್ತೆ, ಸರ್‌ಗೆ ಇನ್ನೊಂದು ಅನ್ಸುತ್ತೆ. ನೋಡಿ ತಿಳ್ಕೋಬೇಕು." ತಟ್ಟೆ ಎತ್ತಿಕೊಂಡು ಎದ್ದಳು. "ಬುಧವಾರ ನನಗೆ ವಾರದ ರಜೆ. ಕಂಬದ ಹತ್ರ ಹೋಗಿ ನಿಲ್ತೀನಿ."

"ನಿಂತು?"

"ಲೆಕ್ಕ ಇಡ್ತೀನಿ."

*

ಬುಧವಾರ ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇರುವಾಗಲೇ ಅವಳು ಹಾಜರು. ಸಮವಸ್ತ್ರ ಇರಲಿಲ್ಲ, ಕೈಯಲ್ಲೊಂದು ನೂರು ಪುಟದ ನೋಟುಪುಸ್ತಕ. ಕಂಬದ ಎದುರಿಗೆ ಬೀಗ ರಿಪೇರಿ ಮಾಡುವವನ ಗೂಡಂಗಡಿ. ಅವನಿಗೆ ಅವಳ ಗುರುತು ಸಿಗಲು ತುಸು ಹೊತ್ತು ಬೇಕಾಯಿತು.

"ಅರೆ, ಚೀಟಿಯಕ್ಕ! ಮಷೀನು ಎಲ್ಲಿ?"

"ಇವತ್ತು ಮಷೀನಿಲ್ಲ. ಬೋರ್ಡು ಓದೋಕೆ ಎಷ್ಟು ಜನ ನಿಲ್ತಾರೆ ಅಂತ ಬರ್ಕೋಬೇಕು."

"ಒಳ್ಳೇ ಕೆಲಸ ಹಿಡಿದ್ರಿ. ನನಗೆ ಬೀಗಕ್ಕಿಂತ ಆ ಕಂಬದ್ದೇ ಗಿರಾಕಿ ಜಾಸ್ತಿ. 'ಅಣ್ಣಾ ನಿಲ್ಲಿಸಬಹುದಾ, ಅಣ್ಣಾ ನಿಲ್ಲಿಸಬಹುದಾ' ಅಂತ ಪ್ರಾಣ ತಿಂತಾರೆ. ನಾನು ಮುಖ ನೋಡಿ ಹೇಳ್ತೀನಿ. ಒಳ್ಳೆಯವರ ಥರ ಕಂಡ್ರೆ ಬೇಡ ಅಂತೀನಿ."

ಅವನು ಸ್ಟೂಲು ಕೊಡಲು ಬಂದ. ಕೂತರೆ ಕಾರಿನೊಳಗಿನ ಮುಖ ಕಾಣುವುದಿಲ್ಲವೆಂದು ಅವಳು ಬೇಡವೆಂದಳು. ಅವಳಿಗೆ ಆ ಮುಖಗಳೇ ಬೇಕಿದ್ದವು. ಮಷೀನು ಹಿಡಿದು ಬರುವಾಗ ಅವಳಿಗೆ ಸಿಗುತ್ತಿದ್ದದ್ದು ಖಾಲಿ ಕಾರುಗಳು. ಜನ ಬೋರ್ಡು ಓದುವುದನ್ನು ಅವಳು ನೋಡಿದ್ದು ಇದೇ ಮೊದಲು. ಕಾರು ನಿಧಾನವಾಗುತ್ತದೆ. ಗಾಜು ಇಳಿಯುತ್ತದೆ. ಒಂದು ತಲೆ ಹೊರಬಂದು ಕೊಕ್ಕರೆಯ ಹಾಗೆ ಕತ್ತು ಚಾಚುತ್ತದೆ. ತುಟಿ ಅಲ್ಲಾಡುತ್ತದೆ. ಹಿಂದಿನವನು ಹಾರ್ನು ಒತ್ತುತ್ತಾನೆ. ಒಬ್ಬ ಹೆಂಗಸು ಕೆಳಗಿಳಿದು ಬಂದು ಮೂರು ಹಲಗೆಗಳಿಗೂ ಬೆರಳಿಟ್ಟು ಮಕ್ಕಳಿಗೆ ಪಾಠ ಹೇಳುವವಳಂತೆ ಓದಿದಳು, ಕೊನೆಗೆ ಹಣೆ ಒತ್ತಿಕೊಂಡು ಕಾರು ಹತ್ತಿ ಹೊರಟೇಹೋದಳು. ಚೀಟಿಯಕ್ಕ ಒಂದೊಂದಕ್ಕೂ ಒಂದು ಗೆರೆ ಎಳೆದಳು, ಪಕ್ಕದಲ್ಲಿ ಸಮಯ ಬರೆದಳು.

ಎಂಟೂಕಾಲಿಗೆ ಲಿಫ್ಟ್ ರಿಪೇರಿಯವನೊಬ್ಬ ಬಂದು ವ್ಯಾನು ನಿಲ್ಲಿಸಿದ. ಅವನ ಗಾಜಿನಲ್ಲೂ ಹಸಿರು ಕಾರ್ಡು. ಬೆಳಗಿನ ಪಾಳಿಯ ಸಹೋದ್ಯೋಗಿ ನಡೆದುಬಂದು, ಕಾರ್ಡು ನೋಡಿ, ಬಾನೆಟ್ಟನ್ನು ಎರಡು ಸಲ ತಟ್ಟಿ ಮುಂದೆ ಹೋದ. ಅವಳು ವ್ಯಾನಿನ ನಂಬರು ಬರೆದುಕೊಂಡಳು.

ಮಧ್ಯಾಹ್ನ ಅಪ್ಪ ಊಟದ ಡಬ್ಬಿ ಹಿಡಿದು ಬಂದ. ಅವಳು ಡಬ್ಬಿ ತೆಗೆದುಕೊಳ್ಳುವ ಮೊದಲು ಅವನ ಭುಜ ಹಿಡಿದು ಕಂಬದ ಮುಂದೆ ನಿಲ್ಲಿಸಿದಳು.

"ಅಪ್ಪಾ, ನೀನು ಓದು. ನಿನ್ನ ಹತ್ರ ಪರವಾನಗಿ ಇದೆ ಅಂತ ಇಟ್ಕೋ. ಸಂಜೆ ಐದಕ್ಕೆ ಬಂದೆ. ನಿಲ್ಲಿಸ್ತೀಯಾ?"

ಅಪ್ಪ ಕನ್ನಡಕ ಸರಿಮಾಡಿಕೊಂಡ. ಮೇಲಿಂದ ಕೆಳಗೆ ಓದಿದ. "ನಿಲ್ಲಿಸ್ತೀನಿ," ಎಂದ. ಕೆಳಗಿಂದ ಮೇಲೆ ಓದಿದ. "ಅಲ್ಲ, ತಡಿ. ನಿಲ್ಲಿಸಲ್ಲ." ಮೂರನೆಯ ಸಲ ಓದುವಾಗ ಅವನ ಕಿವಿ ಕೆಂಪಗಾಯಿತು. "ಈ ಭಾನುವಾರ ಹೊರತು ಅಂದ್ರೆ ಭಾನುವಾರ ದಿನವಿಡೀ ನಿಲ್ಲಿಸಬಹುದು ಅಂತಲೋ, ಒಂದು ಗಂಟೆನೂ ಬೇಡ ಅಂತಲೋ? ಮೂವತ್ತೆಂಟು ವರ್ಷ ಬಸ್ಸು ಓಡಿಸಿದೀನಿ ಮಗಳೇ. ನನ್ನ ಕೈಲಿ ಒಂದು ದಿನಾನೂ ಒಂದು ನಾಯಿಮರಿನೂ ಸಾಯಲಿಲ್ಲ. ಇದನ್ನ ಓದ್ತಾ ಓಡಿಸಿದ್ರೆ ನಾಲ್ಕು ಜನ ಸಾಯ್ತಿದ್ರು."

ಬೀಗದವನು ಗೂಡಂಗಡಿಯಿಂದಲೇ ಕೂಗಿದ: "ಬರ್ಕೊಳ್ಳಿ ಅಕ್ಕ, ಇನ್ನೊಂದು ಗೆರೆ!"

ಅವಳು ಬರೆದುಕೊಂಡಳು. ಅಪ್ಪನಾದರೇನು, ಓದಲು ನಿಂತವನೇ ತಾನೆ.

ಸಂಜೆ ಐದಕ್ಕೆ ಅದೇ ಲಿಫ್ಟ್ ರಿಪೇರಿಯವನು ಬೇರೊಂದು ಮನೆಗೆ ಬಂದವನು ಅದೇ ಜಾಗದಲ್ಲಿ ನಿಲ್ಲಿಸಿದ. ಚೀಟಿಯಕ್ಕನ ರಜೆಗೆ ಬದಲಿಯಾಗಿ ಬಂದ ಹುಡುಗಿ ಚಕಚಕನೆ ಚೀಟಿ ತೆಗೆದು ಸಿಕ್ಕಿಸಿ ಹೋದಳು. ವ್ಯಾನು ಅದೇ, ಕಾರ್ಡು ಅದೇ, ಕಂಬ ಅದೇ. ನರ್ಸ್ ಆ ಸಂಜೆ ಕಾರನ್ನು ಎಲ್ಲೋ ಮೂರು ಬೀದಿಯಾಚೆ ನಿಲ್ಲಿಸಿ, ಭಾರದ ಬ್ಯಾಗು ಹೆಗಲಿಗೇರಿಸಿಕೊಂಡು ಬೆವರುತ್ತ ನಡೆದುಬಂದಳು. ಕಂಬದ ಬಳಿ ನಿಂತಿದ್ದವಳನ್ನು ಗಮನಿಸದೆ ಮೆಟ್ಟಿಲು ಹತ್ತಿದಳು.

ಏಳು ಗಂಟೆಗೆ ಚೀಟಿಯಕ್ಕ ಗೆರೆಗಳನ್ನು ಎಣಿಸಿ, ಕೆಳಗೆ ಅಂಕಿ ಬರೆದು, ಪುಸ್ತಕ ಮುಚ್ಚಿದಳು.

*

ವಿಚಾರಣೆಯ ಕೋಣೆ ಚಿಕ್ಕದು. ಉದ್ದದ ಮೇಜು, ನೀರಿನ ಜಗ್ಗು, ಸದಾ ಹತ್ತು ನಿಮಿಷ ಮುಂದಿರುವ ಗಡಿಯಾರ. ವಿಚಾರಣಾಧಿಕಾರಿ ನರೆಗೂದಲಿನ ಹೆಂಗಸು. ನೆಗಡಿಯಾಗಿ ಕೈಯಲ್ಲಿ ಕರವಸ್ತ್ರ ಹಿಡಿದೇ ಕೂತಿದ್ದರು. ಒಂದು ಪಕ್ಕ ನರ್ಸ್, ಇನ್ನೊಂದು ಪಕ್ಕ ಮೇಲ್ವಿಚಾರಕರು, ಅವರ ಪಕ್ಕ ಸಮವಸ್ತ್ರದಲ್ಲಿ ಚೀಟಿಯಕ್ಕ.

ನರ್ಸ್ ಹೇಳಬೇಕಾದದ್ದನ್ನು ಐದೇ ನಿಮಿಷದಲ್ಲಿ ಹೇಳಿ ಮುಗಿಸಿದಳು. ಮೇಲ್ವಿಚಾರಕರು ಎದ್ದು, ಕಂಬದ ಫೋಟೊ ಮೇಜಿನ ಮೇಲಿಟ್ಟು, ಪಳಗಿದ ದನಿಯಲ್ಲಿ ಚೀಟಿಯಕ್ಕನನ್ನು ಕೇಳಿದರು: "ಚೀಟಿ ಹಾಕಿದಾಗ ಸಮಯ ಎಷ್ಟು?"

"ನಾಲ್ಕು ಹತ್ತು ಸರ್."

"ಬೋರ್ಡು ಸ್ಪಷ್ಟವಾಗಿತ್ತಾ?"

ಚೀಟಿಯಕ್ಕ ಎದ್ದು ನಿಂತಳು. ಜಗ್ಗಿನ ಕಡೆ ನೋಡಿದಳು. ಕೈ ಚಾಚಲಿಲ್ಲ.

"ನನಗೆ ಅರ್ಥ ಆಗಿತ್ತು ಸರ್. ತರಬೇತಿಯಲ್ಲಿ ಹೇಳ್ಕೊಟ್ಟಿದ್ರು. ಬೋರ್ಡು ಓದಿ ಅರ್ಥ ಆಗಿದ್ದಲ್ಲ."

ಮೇಲ್ವಿಚಾರಕರು ಮೆಲ್ಲನೆ ಅವಳ ಕಡೆ ತಿರುಗಿದರು. "ನಾನು ಕೇಳಿದ್ದು ಹೌದು ಅಥವಾ ಇಲ್ಲ."

"ಇಲ್ಲ ಸರ್."

ವಿಚಾರಣಾಧಿಕಾರಿ ಕರವಸ್ತ್ರ ಕೆಳಗಿಟ್ಟರು. "ನೀವೇ ಹಾಕಿದ ಚೀಟಿ ತಪ್ಪು ಅಂತ ನೀವೇ ಹೇಳ್ತಿದ್ದೀರಾ?"

"ಚೀಟಿ ನನಗೆ ಹೇಳ್ಕೊಟ್ಟ ಹಾಗೇ ಹಾಕಿದ್ದೀನಿ ಮೇಡಂ. ಕಂಬದ ಮೇಲೆ ಬರೆದಿರೋದು ಸರಿ ಇಲ್ಲ. ತರಬೇತಿ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾನೂ ಈ ಸಿಸ್ಟರ್ ಓದಿದ ಹಾಗೇ ಓದಿ ಉತ್ತರ ಬರೆದಿದ್ದೆ. ತಪ್ಪು ಅಂದ್ರು. ಅವರು ತಪ್ಪು ಓದಿದ್ರೆ ಚೀಟಿ. ನಾನು ತಪ್ಪು ಓದಿದ್ದಕ್ಕೆ ಮಷೀನು ಕೊಟ್ರು."

ನೋಟುಪುಸ್ತಕ ತೆಗೆದಳು. ಮೇಜಿನ ಮೇಲೆ ಅದನ್ನು ಬಿಡಿಸಿ ಎರಡೂ ಅಂಗೈಯಿಂದ ಒತ್ತಿ ಹಿಡಿದಳು. "ನಿನ್ನೆ ನನಗೆ ರಜೆ ಇತ್ತು. ಏಳರಿಂದ ಏಳರವರೆಗೆ ಅಲ್ಲಿ ನಿಂತಿದ್ದೆ. ಬೋರ್ಡು ಓದೋಕೆ ನಿಂತವರು ಎಂಬತ್ತಮೂರು ಜನ. ಓದಿ, ಬೇಡಪ್ಪಾ ಅಂತ ಹೋದವರು ನಲವತ್ತೊಂದು. ದಾರಿಯಲ್ಲಿ ಸಿಕ್ಕವರನ್ನ ಕೇಳಿದವರು ಇಪ್ಪತ್ತಾರು. ಅವರಲ್ಲಿ ಹದಿನಾಲ್ಕು ಜನಕ್ಕೆ ಆಗುತ್ತೆ ಅಂದ್ರು, ಹನ್ನೆರಡು ಜನಕ್ಕೆ ಆಗಲ್ಲ ಅಂದ್ರು." ಆಮೇಲೆ ಲಿಫ್ಟ್ ರಿಪೇರಿಯವನ ವ್ಯಾನಿನ ನಂಬರು ಓದಿದಳು, ಬೆಳಿಗ್ಗೆ ಅದಕ್ಕೆ ಏನಾಯಿತು, ಸಂಜೆ ಏನಾಯಿತು ಎಂದು ಸಮಯದ ಸಮೇತ ಹೇಳಿದಳು. "ಇವರಿಗೂ ಹಾಗೇ ಆಗಿದ್ದು. ಬೆಳಿಗ್ಗೆ ನಮಸ್ಕಾರ, ಸಂಜೆ ದಂಡ."

ವಿಚಾರಣಾಧಿಕಾರಿ ಫೋಟೊವನ್ನು ಹತ್ತಿರಕ್ಕೆಳೆದುಕೊಂಡು ಓದಿದರು. ದೂರ ಹಿಡಿದು ಓದಿದರು. ಅವರ ತುಟಿಯೂ ಅಲ್ಲಾಡಿತು. ಎಂಬತ್ತನಾಲ್ಕನೆಯ ಗೆರೆ ಎಳೆಯಲು ಚೀಟಿಯಕ್ಕನ ಕೈ ಪೆನ್ನಿನ ಕಡೆ ಹೋಯಿತು. ತಡೆದುಕೊಂಡಳು.

"ಈ ಚೀಟಿ ರದ್ದು," ಎಂದರು ವಿಚಾರಣಾಧಿಕಾರಿ. "ಹಿಂದಿನ ಎರಡೂ ರದ್ದು. ಪರವಾನಗಿಗೆ ಏನೂ ತೊಂದರೆ ಇಲ್ಲ. ಆದ್ರೆ ಬೋರ್ಡು ಬದಲಾಯಿಸಿ ಅನ್ನೋ ಅಧಿಕಾರ ನನಗಿಲ್ಲ. ಅದಕ್ಕೆ ದೂರು ಬೇಕು. ಯಾರಾದರೂ ಹೆಸರು ಹಾಕಿ, ಸಹಿ ಹಾಕಿ ಕೊಡಬೇಕು."

ಹೊರಗೆ ಮೊಗಸಾಲೆಯಲ್ಲಿ ಮೇಲ್ವಿಚಾರಕರು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳಿಗಾಗಿ ಕಾದಿದ್ದರು. ಕೋಪಕ್ಕಿಂತ ದಣಿವೇ ಹೆಚ್ಚಾಗಿ ಕಂಡಿತು.

"ಸೋಮವಾರದಿಂದ ನೀನು ಗೋದಾಮು ರಸ್ತೆಗೆ, ಬೆಳಗಿನ ಪಾಳಿ. ಲಾರಿಗಳಿರೋ ಕಡೆ. ಕಾಯಂ ಮಾಡೋ ವಿಷಯ... ನೋಡೋಣ. ಮೂರು ತಿಂಗಳು ಮುಂದೆ ಹಾಕಬೇಕಾಗುತ್ತೆ. ನಾನೂ ಮೇಲಿನವರಿಗೆ ಏನಾದ್ರೂ ಹೇಳಬೇಕಲ್ಲ."

"ಸರಿ ಸರ್."

"ಒಂದು ಮಾತು ಮೊದಲೇ ಹೇಳಬಹುದಿತ್ತು ನೀನು."

"ನಿಮ್ಮ ಕೋಣೆಯಲ್ಲಿ ಹೇಳೋಕೆ ಶುರು ಮಾಡಿದ್ದೆ ಸರ್."

ಅವರು ಮೆಟ್ಟಿಲಿಳಿದು ಹೋದರು. ಗೋದಾಮು ರಸ್ತೆಗೆ ಮನೆಯಿಂದ ಎರಡು ಬಸ್ಸು ಬದಲಿಸಬೇಕು. ಬೆಳಿಗ್ಗೆ ಒಂದು ಗಂಟೆ ಬೇಗ ಏಳಬೇಕು. ಅಪ್ಪನ ಮಾತ್ರೆಗಳನ್ನು ಹಿಂದಿನ ದಿನವೇ ಎತ್ತಿಡಬೇಕು. ಅವಳು ಇದನ್ನೆಲ್ಲ ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತ ಮೊಗಸಾಲೆಯ ಕೊನೆಯ ಕಿಟಕಿಗೆ ನಡೆದಳು.

"ಬೋರ್ಡಿನ ಮೇಲೆ ದೂರು ಕೊಡೋ ಫಾರಂ ಬೇಕಿತ್ತು."

ಗುಮಾಸ್ತ ಅವಳ ಸಮವಸ್ತ್ರ ನೋಡಿದ. "ನೀವು ಇಲಾಖೆಯವರೇ ಅಲ್ವಾ? ಇದು ಸಾರ್ವಜನಿಕರಿಗೆ."

"ನಾನೂ ರಸ್ತೆಯಲ್ಲಿ ನಡೆಯೋಳೇ. ಕೊಡಿ."

"ಕೆಂಪು ಹಲಗೆ ಒಂದು ಇಲಾಖೆದು, ನೀಲಿ ಇನ್ನೊಂದರದು, ಬಿಳಿ ಮತ್ತೊಂದರದು. ಒಂದೇ ಫಾರಂ, ಕಾರ್ಬನ್ ಹಾಕಿ ಮೂರು ಪ್ರತಿ. ನಾಲ್ಕೂವರೆಗೆ ಕಿಟಕಿ ಮುಚ್ತೀನಿ."

ನಾಲ್ಕೂಕಾಲಾಗಿತ್ತು. ಮೊಗಸಾಲೆಯ ಬೆಂಚಿನ ಕಡೆ ಅವಳು ಹೋಗುವುದನ್ನು ನೋಡುತ್ತ ನಿಂತಿದ್ದ ನರ್ಸ್ ಹತ್ತಿರ ಬಂದಳು. ಧನ್ಯವಾದ ಹೇಳಲು ಬಂದವಳು ಅದನ್ನು ಮರೆತು ಅವಳ ಕಾಲನ್ನೇ ನೋಡಿದಳು.

"ಕುಂಟ್ತಿದ್ದೀರಲ್ಲ. ಏನಾಯ್ತು?"

"ಏನಿಲ್ಲ. ನಿನ್ನೆ ನಿಂತಿದ್ದಕ್ಕೆ."

"ಹನ್ನೆರಡು ಗಂಟೆ ನಿಂತಿದ್ದಕ್ಕೆ ಏನಿಲ್ಲವಂತೆ. ಕೂತ್ಕೊಳ್ಳಿ." ಬ್ಯಾಗನ್ನು ನೆಲದ ಮೇಲಿಟ್ಟು ತೆರೆದಳು. ಕೇಳದೆಯೇ ಅವಳ ಬೂಟು ಬಿಚ್ಚಿ, ಕಾಲುಚೀಲ ಇಳಿಸಿದಳು. ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದು ಒಡೆದು, ಕಾಲುಚೀಲಕ್ಕೆ ಅಂಟಿಕೊಂಡಿತ್ತು. "ಅಯ್ಯೋ, ಇದನ್ನಿಟ್ಕೊಂಡು ಒಳಗೆ ಅಷ್ಟು ಹೊತ್ತು ನಿಂತು ಮಾತಾಡಿದ್ರಾ ಅಕ್ಕ?"

"ಬೇಡ ಸಿಸ್ಟರ್, ನಿಮಗೆ ಮನೆಗಳಿಗೆ ಹೋಗೋಕೆ ತಡ ಆಗುತ್ತೆ."

"ಹೋಗ್ತೀನಿ. ಇದೂ ಒಂದು ಮನೆ ಅಂದ್ಕೊಳ್ಳಿ. ಉರಿಯುತ್ತೆ, ಅಲುಗಾಡಬೇಡಿ."

ಉರಿಯಿತು. ಚೀಟಿಯಕ್ಕ ಹಲ್ಲು ಕಚ್ಚಿ, ನೋಟುಪುಸ್ತಕವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಫಾರಂ ಹರವಿದಳು. ದೂರುದಾರರ ಹೆಸರು ಎಂಬಲ್ಲಿ ತನ್ನ ಪೂರ್ತಿ ಹೆಸರು ಬರೆದಳು, ಕೆಲಸ ಎಂಬಲ್ಲಿ ಕೆಲಸ ಬರೆದಳು. ಕಿಟಕಿಯೊಳಗೆ ಗುಮಾಸ್ತ ಕಾಗದಗಳನ್ನು ಜೋಡಿಸಿಡತೊಡಗಿದ್ದ. ನೆಲದ ಮೇಲೆ ಮಂಡಿಯೂರಿ ಕೂತ ನರ್ಸ್ ಹತ್ತಿಯಿಂದ ಹಿಮ್ಮಡಿ ಒರೆಸಿ, ಬ್ಯಾಂಡೇಜು ಸುತ್ತುತ್ತಿದ್ದಳು. ಚೀಟಿಯಕ್ಕ ಕೆಳಗಿನ ಪ್ರತಿಯನ್ನೊಮ್ಮೆ ಎತ್ತಿ ನೋಡಿದಳು. ಅಕ್ಷರ ಮಸುಕಾಗಿ ಬಿದ್ದಿತ್ತು. ಪೆನ್ನನ್ನು ಬಿಗಿಯಾಗಿ ಹಿಡಿದು, ಮೂರನೆಯದಕ್ಕೂ ಮೂಡುವಂತೆ, ಅದೇ ಸಾಲಿನ ಮೇಲೆ ಮತ್ತೆ ಒತ್ತಿ ಬರೆದಳು.